ಆ ಕೀರ್ತಿಯಲ್ಲಿ ಕಾಕಾನ ಪಾಲೆಷ್ಟು?

ಒಬ್ಬ ನಟನನ್ನು ಕಂಡರೆ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳೋದು ನಮ್ಮ ಕಡೆ ದೊಡ್ಡ ಅಪರಾಧ ಕಣ್ರೀ. ದೇವರೇ ಇಲ್ಲ ಅಂದರೂ ಜನ ನಕ್ಕು ಮುಂದೆ ಹೋಗ್ತಾರೆ. "ನಿಮ್ಮ ಹೀರೋಗೆ ಆಕ್ಟಿಂಗ್ ಬರಲ್ಲ" ಅಂತ ಒಂದು ಮಾತು ಅಂದು ನೋಡಿ, ಕೊರಳಪಟ್ಟಿಗೆ ಕೈ ಬರುತ್ತೆ! ಆದರೂ ಈ ವಾರ ಹೇಳಿಯೇ ಬಿಡುತ್ತೇನೆ. ನನಗೆ ರಾಜೇಶ್ ಖನ್ನಾ ಇಷ್ಟವಿಲ್ಲ. ಆ ಕತ್ತು ವಾಲಿಸುವುದು, ಎರಡೂ ಕಣ್ಣು ಒಟ್ಟಿಗೆ ಮಿಟುಕಿಸಿ ನಗುವುದು, ಮಾತಿನ ಕೊನೆಗೆ ಗಾಳಿಯಲ್ಲಿ ಅಂಗೈ ತಿರುವುವುದು, ಯಾವುದೂ ನನಗೆ ಹಿಡಿಸಲಿಲ್ಲ.

"ಏನಯ್ಯಾ, 2012ರ ಜುಲೈ 18ರಂದೇ ತೀರಿಕೊಂಡ ಮನುಷ್ಯನ ಮೇಲೆ ಈಗ ಎಂಥ ಜಗಳ?" ಅಂತ ನೀವು ಕೇಳಬಹುದು. ಕಾರಣ ಇದೆ. ಹಿಂದಿ ಚಿತ್ರರಂಗದ ಮೊದಲ ಸೂಪರ್ ಸ್ಟಾರ್ ಅಂತ ಕರೆಸಿಕೊಂಡವನು ಈತ. ಇವತ್ತು ಎರಡು ಚಿತ್ರ ಮಾಡಿದವನೂ ಮೂರನೆಯದರ ಪೋಸ್ಟರಿನಲ್ಲಿ ಹೆಸರಿನ ಹಿಂದೆ ಒಂದು 'ಸ್ಟಾರ್' ಅಂಟಿಸಿಕೊಂಡು ಬರ್ತಾನೆ. ಹಾಗಾದರೆ ಆ ಪಟ್ಟ ಮೊದಲು ಏರಿದವನ ಲೆಕ್ಕಪುಸ್ತಕ ತೆಗೆದು ನೋಡೋದು ನಮ್ಮಂಥ ಟಿಕೆಟ್ ಕೊಳ್ಳುವವರ ಹಕ್ಕು. ಇನ್ನೊಂದು ಮಾತು. ಇಲ್ಲಿ ಖನ್ನಾನನ್ನು ಏಕವಚನದಲ್ಲೇ ಕರೆಯುತ್ತೇನೆ. ಬೆಳ್ಳಿತೆರೆಯ ಮೇಲೆ ಬಂದವನನ್ನು ಗಾಂಧಿ ಕ್ಲಾಸಿನವರು ಹಾಗೆಯೇ ಕರೆಯೋದು. ಅದರಲ್ಲಿ ಅಗೌರವ ಏನೂ ಇಲ್ಲ.

ನಾಸಿರುದ್ದೀನ್ ಷಾ ಹಚ್ಚಿದ ಬೆಂಕಿ

ಖನ್ನಾನ ಮೇಲೆ ಈ ಮಾತು ಎತ್ತಿದವನು ನಾನೇ ಮೊದಲಲ್ಲ. 2016ರ ಜುಲೈನಲ್ಲಿ ನಾಸಿರುದ್ದೀನ್ ಷಾ ಒಂದು ಸಂದರ್ಶನದಲ್ಲಿ ಬಾಂಬು ಹಾಕಿದರು. 70ರ ದಶಕದಲ್ಲೇ ಹಿಂದಿ ಚಿತ್ರಗಳಿಗೆ ಸಾಧಾರಣತನ ಬಂದು ಸೇರಿತು, ಖನ್ನಾ ಬಂದದ್ದೂ ಆಗಲೇ, ಎಷ್ಟೇ ಯಶಸ್ಸು ಕಂಡರೂ ಆತ ಬಹಳ ಸೀಮಿತ ನಟ, ಕೆಟ್ಟ ನಟ ಅಂತಲೇ ಹೇಳಬೇಕು ಎಂದರು. ಸತ್ತವರಿಗಾದರೂ ಗೌರವ ಕೊಡಿ ಅಂತ ಮಗಳು ಟ್ವಿಂಕಲ್ ಖನ್ನಾ ತಿರುಗಿ ಬಿದ್ದರು. ನೋವಾದವರಲ್ಲಿ ಷಾ ಕ್ಷಮೆ ಕೇಳಿದರು. ಅಲ್ಲಿಗೆ ಕಥೆ ಮುಗಿಯಿತು.

ಕಥೆ ಮುಗಿಯಿತು, ಪ್ರಶ್ನೆ ಮಾತ್ರ ಹಾಗೇ ಉಳಿಯಿತು! ಮಗಳಿಗೆ ನೋವಾಗುವುದು ಸಹಜ, ಕ್ಷಮೆ ಕೇಳಿದ್ದೂ ಸರಿಯೇ. ಆದರೆ ಷಾ ಕೇಳಿದ್ದಕ್ಕೆ ಉತ್ತರ ಯಾರೂ ಕೊಡಲಿಲ್ಲ. ಒಂದು ಗುಂಪು "ಆತ ಮಹಾನ್" ಅಂದಿತು, ಇನ್ನೊಂದು "ಷಾಗೆ ಹೊಟ್ಟೆಕಿಚ್ಚು" ಅಂದಿತು. ಇದು ನಮ್ಮ ಬಸ್ ಸ್ಟ್ಯಾಂಡಿನ ಜಗಳದ ಹಾಗೇ ಆಯಿತು.

ಷಾ ಏನು ಬಡಪೆಟ್ಟಿಗೆ ಬಗ್ಗುವ ನಟರಲ್ಲ. ಗಿರೀಶ್ ಕಾಸರವಳ್ಳಿಯವರ 'ಮನೆ'ಯಲ್ಲಿ ನಟಿಸಿ ಕನ್ನಡದವರಿಗೂ ಪರಿಚಯವಾದವರು. ಒಂದು ಸ್ವಾರಸ್ಯ ಕೇಳಿ. 1983ರ ಚಿತ್ರಗಳಿಗೆ ಫಿಲಂಫೇರ್ ಶ್ರೇಷ್ಠ ನಟ ಪ್ರಶಸ್ತಿಯ ಸ್ಪರ್ಧೆಯಲ್ಲಿ 'ಅವತಾರ್'ಗಾಗಿ ಖನ್ನಾ, 'ಮಾಸೂಮ್'ಗಾಗಿ ಷಾ, ಇಬ್ಬರೂ ಇದ್ದರು. ಗೆದ್ದದ್ದು ಷಾ. ಹಾಗಾಗಿ ಹೊಟ್ಟೆಕಿಚ್ಚಿನ ಮಾತು ನಿಲ್ಲಲ್ಲ ಬಿಡಿ.

ಆದರೆ ಷಾ ಅವರ ಮಾತಿನಲ್ಲಿ ಒಂದು ಎಡವಟ್ಟಿದೆ. 70ರ ದಶಕ ಪೂರ್ತಿ ಸಾಧಾರಣ ಅಂದರೆ ಹೇಗೆ ಸ್ವಾಮಿ? ನಮ್ಮ 'ಸಂಸ್ಕಾರ' ಬಂದದ್ದು 1970ರಲ್ಲಿ. 'ಚೋಮನ ದುಡಿ' 1975. 'ಘಟಶ್ರಾದ್ಧ' 1977. ಶ್ಯಾಮ್ ಬೆನೆಗಲ್ 'ಅಂಕುರ್' ತೆಗೆದದ್ದು 1974ರಲ್ಲಿ. ಷಾ ಅವರೇ ತೆರೆಗೆ ಬಂದದ್ದು 1975ರ 'ನಿಶಾಂತ್'ನಿಂದ. ಒಬ್ಬ ನಟನ ತಲೆಗೆ ಒಂದು ದಶಕ ಕಟ್ಟೋದು ಬೇಡ. ಅವನ ಲೆಕ್ಕ ಅವನಿಗೇ ಇರಲಿ, ಆ ಲೆಕ್ಕವನ್ನೇ ನೋಡೋಣ.

ಖಾಲಿ ಇದ್ದ ಕುರ್ಚಿ

ಹುಟ್ಟಿದ್ದು 1942ರ ಡಿಸೆಂಬರ್ 29ರಂದು, ಅಮೃತಸರದಲ್ಲಿ. ಹೆಸರು ಜತಿನ್ ಖನ್ನಾ. ಮನೆಯವರು, ಆಪ್ತರು ಕರೆಯುತ್ತಿದ್ದದ್ದು ಕಾಕಾ. 1965ರಲ್ಲಿ ಬಿ.ಆರ್. ಚೋಪ್ರಾ, ಜಿ.ಪಿ. ಸಿಪ್ಪಿ, ಶಕ್ತಿ ಸಾಮಂತ, ನಾಸಿರ್ ಹುಸೇನ್ ಮುಂತಾದ ನಿರ್ಮಾಪಕರು ಒಟ್ಟು ಸೇರಿ ಫಿಲಂಫೇರ್ ಜೊತೆ ಹೊಸ ಮುಖದ ಸ್ಪರ್ಧೆ ಇಟ್ಟರು. ಸಾವಿರಾರು ಹುಡುಗರಲ್ಲಿ ಗೆದ್ದವನು ಈತ. ಗೆದ್ದವನಿಗೆ ಪಾತ್ರ ಕೊಡಬೇಕಾದವರೂ ಆ ನಿರ್ಮಾಪಕರೇ. ಅಂದರೆ ಗಾಡ್‌ಫಾದರ್ ಇಲ್ಲದೆ ಬಂದವನಿಗೆ ಒಂದೇ ದಿನದಲ್ಲಿ ಹಲವು ಗಾಡ್‌ಫಾದರ್‌ಗಳು ಸಿಕ್ಕರು!

ಆಮೇಲೇನಾಯ್ತು? 1966ರಲ್ಲಿ ಚೇತನ್ ಆನಂದರ 'ಆಖ್ರಿ ಖತ್'. ಮುಂಬಯಿಯಲ್ಲಿ ತಪ್ಪಿಸಿಕೊಂಡ ಪುಟ್ಟ ಮಗುವೊಂದು ಬೀದಿ ಬೀದಿ ಅಲೆಯುವ ಕಥೆ. ಒಳ್ಳೆಯ ಚಿತ್ರ, ಆಸ್ಕರ್‌ಗೆ ಭಾರತದಿಂದ ಹೋಯಿತು. ಆದರೆ ನೋಡಿದವರ ಕಣ್ಣಲ್ಲಿ ನಿಂತದ್ದು ಆ ಮಗು. 1967ರಲ್ಲಿ 'ರಾಜ್', 'ಬಹಾರೋಂ ಕೆ ಸಪ್ನೆ'. ಎರಡನೆಯದಕ್ಕೆ ಆರ್.ಡಿ. ಬರ್ಮನ್ ಸಂಗೀತ, ನಾಸಿರ್ ಹುಸೇನ್ ನಿರ್ದೇಶನ. ತೋಪು! ಅದೇ ಮುಖ, ಅದೇ ಕಣ್ಣು, ಅದೇ ನಗು. ಮೂರು ವರ್ಷ ಯಾವ ಹುಡುಗಿಯೂ ರಕ್ತದಲ್ಲಿ ಪತ್ರ ಬರೆಯಲಿಲ್ಲ.

1969ರಲ್ಲಿ 'ಆರಾಧನಾ' ಬಂತು. ರಾತ್ರಿ ಬೆಳಗಾಗುವುದರಲ್ಲಿ ದೇಶ ಹುಚ್ಚಾಯಿತು. ಯಾಕೆ? ಆ ವರ್ಷ ಹಳೆಯ ಮೂವರು ರಾಜರ ವಯಸ್ಸು ನೋಡಿ. ದಿಲೀಪ್ ಕುಮಾರ್‌ಗೆ 47, ದೇವ್ ಆನಂದ್‌ಗೆ 46, ರಾಜ್ ಕಪೂರ್‌ಗೆ 45. ಕಾಲೇಜು ಹುಡುಗಿಯರು ಕನಸು ಕಾಣೋಕೆ ಒಂದು ಹೊಸ ಮುಖ ಬೇಕಿತ್ತು. ಕುರ್ಚಿ ಖಾಲಿ ಇತ್ತು, 26 ವರ್ಷದ ಖನ್ನಾ ಬಂದು ಕೂತ. ಸರಿಯಾದ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಬಂದವನಿಗೆ ಸೀಟು ಸಿಕ್ಕ ಹಾಗೆ. ಅದು ತಪ್ಪೇನಲ್ಲ, ಅದನ್ನು ಪ್ರತಿಭೆ ಅಂತ ಕರೆಯಬಾರದು ಅಷ್ಟೆ.

ಪಾಲುದಾರರ ಪಟ್ಟಿ

ಈಗ ಪಾಲು ಹಂಚೋಣ. ಮೊದಲನೆಯ ಪಾಲುದಾರ ಕಿಶೋರ್ ಕುಮಾರ್. ಅಲ್ಲಿಯವರೆಗೆ ಆತ ಹೆಚ್ಚಾಗಿ ಹಾಡುತ್ತಿದ್ದದ್ದು ತನಗೆ ಮತ್ತು ದೇವ್ ಆನಂದ್‌ಗೆ. 'ಆರಾಧನಾ' ನಂತರ ಗಾಯಕರ ಸಾಲಿನಲ್ಲಿ ಮೊದಲನೆಯವನಾದ. ಮೊದಲ ಫಿಲಂಫೇರ್ ಪ್ರಶಸ್ತಿ ಸಿಕ್ಕಿದ್ದೂ ಅದೇ ಚಿತ್ರದ ಮಳೆರಾತ್ರಿಯ ಹಾಡಿಗೆ. ಆ ಹಾಡನ್ನು ಒಂದೇ ಟೇಕಿನಲ್ಲಿ ತೆಗೆದದ್ದು ಶಕ್ತಿ ಸಾಮಂತರ ಧೈರ್ಯ. ಡಾರ್ಜಿಲಿಂಗ್‌ನ ಪುಟ್ಟ ರೈಲಿನ ಪಕ್ಕದಲ್ಲಿ ಜೀಪು ಓಡುವ ಹಾಡಿದೆಯಲ್ಲ, ಶರ್ಮಿಳಾ ಟಾಗೋರ್ ಬೇರೆ ಕಡೆ ಬಿಜಿ ಇದ್ದುದರಿಂದ ಆಕೆಯ ಭಾಗವನ್ನು ಆಮೇಲೆ ಸ್ಟುಡಿಯೋದಲ್ಲಿ ತೆಗೆದರು. ನಾವು ನೋಡಿದ ಆ ಕಣ್ಣಾಟ ಕತ್ತರಿ ಅಂಟಿನ ಕರಾಮತ್ತು! ಎಡಿಟರಿಗೂ ಒಂದು ಪಾಲು ಬರೆದುಕೊಳ್ಳಿ.

ಎರಡನೆಯದು ಬರ್ಮನ್ ತಂದೆ-ಮಗ. 'ಆರಾಧನಾ'ಗೆ ಎಸ್.ಡಿ. ಬರ್ಮನ್, 'ಕಟಿ ಪತಂಗ್', 'ಅಮರ್ ಪ್ರೇಮ್'ಗೆ ಆರ್.ಡಿ. ಬರ್ಮನ್. ಜೊತೆಗೆ ಈ ಮೂರಕ್ಕೂ ಹಾಡು ಬರೆದ ಆನಂದ್ ಬಕ್ಷಿ. ಇದು ಎಲ್ಲರಿಗೂ ಗೊತ್ತಿರುವ ಮಾತು.

ಯಾರೂ ಹೇಳದ ಪಾಲುದಾರರು ನಾಯಕಿಯರು. ಅಭಿಮಾನಿಗಳು 1969ರಿಂದ 1971ರೊಳಗೆ ಒಂದರ ಹಿಂದೆ ಒಂದು 15 ಹಿಟ್ ಅಂತ ಹೇಳುತ್ತಾರೆ. ಇಬ್ಬರು ನಾಯಕರ ಚಿತ್ರ ಸೇರಿಸಿದರೆ 17 ಅಂತಾರೆ. ಆ ಪಟ್ಟಿಯನ್ನು ಕೈಲಿ ಹಿಡಿದು ಒಂದೊಂದೇ ಕಥೆ ನೋಡಿ. 'ಆರಾಧನಾ' ಯಾರ ಕಥೆ? ವಂದನಾಳ ಕಥೆ. ವಿಮಾನಪಡೆಯ ಹುಡುಗ ಅಪಘಾತದಲ್ಲಿ ಸಾಯುತ್ತಾನೆ. ಬಸಿರು ಹೊತ್ತವಳು ಆಕೆ, ಜೈಲಿಗೆ ಹೋದವಳು ಆಕೆ, ತಲೆ ನರೆಯುವವರೆಗೆ ಕಾದವಳು ಆಕೆ. ಫಿಲಂಫೇರ್ ಪ್ರಶಸ್ತಿ ಹೋದದ್ದೂ ಶರ್ಮಿಳಾಗೆ. 'ಕಟಿ ಪತಂಗ್' ಆಶಾ ಪಾರೇಖ್ ಚಿತ್ರ, ಆಕೆಗೂ ಅದಕ್ಕೇ ಫಿಲಂಫೇರ್ ಬಂತು. 'ಖಾಮೋಶಿ'ಯ ಭಾರ ಹೊತ್ತದ್ದು ವಹೀದಾ ರೆಹಮಾನ್. 'ದೋ ರಾಸ್ತೆ'ಯಲ್ಲಿ ಮನೆಯ ಹಿರಿಯನಾಗಿ ಬಲರಾಜ್ ಸಾಹ್ನಿ ಇದ್ದಾರೆ. 17ರ ಪಟ್ಟಿಗೆ ಸೇರಿಸುವ 'ಅಂದಾಜ್'ನಲ್ಲಂತೂ ಖನ್ನಾ ಮೋಟಾರ್ ಸೈಕಲ್ ಮೇಲೆ ಒಂದು ಹಾಡು ಹಾಡಿ ಸತ್ತು ಹೋಗ್ತಾನೆ. ಮಿಕ್ಕ ಚಿತ್ರವೆಲ್ಲ ಶಮ್ಮಿ ಕಪೂರ್, ಹೇಮಾ ಮಾಲಿನಿಯದು!

ಹೆಂಗಸರು ಕರವಸ್ತ್ರ ಒದ್ದೆ ಮಾಡಿಕೊಂಡು ಮತ್ತೆ ಮತ್ತೆ ಬಂದದ್ದು ಯಾರ ದುಃಖಕ್ಕೆ? ತೆರೆಯ ಮೇಲಿದ್ದ ಹೆಂಗಸಿನ ದುಃಖಕ್ಕೆ. ಹಿಟ್ಟಿನ ಲೆಕ್ಕ ಬರೆದದ್ದು ಮಾತ್ರ ಗಂಡಸಿನ ಖಾತೆಗೆ. ನನ್ನ ಮುನಿಸಿನ ಅರ್ಧ ಭಾಗ ಇದೇ.

ಹಾಗಾದರೆ ಅವನ ಕೈಯಲ್ಲಿ ಏನಿತ್ತು?

ಇಷ್ಟು ಹೇಳಿದ ಮೇಲೆ ನ್ಯಾಯದ ಮಾತನ್ನೂ ಹೇಳಬೇಕು. ತಕ್ಕಡಿಗೆ ಎರಡು ತಟ್ಟೆ.

"ಕಿಶೋರ್ ದನಿ ಇಲ್ಲದಿದ್ದರೆ ಖನ್ನಾ ಸೊನ್ನೆ" ಅಂತ ಸುಲಭವಾಗಿ ಹೇಳುವವರಿಗೆ ಮೂರು ಸಾಕ್ಷಿ ಇಡ್ತೀನಿ. ಒಂದು, 1969ರ 'ಇತ್ತೆಫಾಕ್'. ಯಶ್ ಚೋಪ್ರಾ ನಿರ್ದೇಶನ. ಚಿತ್ರದಲ್ಲಿ ಒಂದೇ ಒಂದು ಹಾಡಿಲ್ಲ! ಒಂದು ರಾತ್ರಿ, ಒಂದು ಮನೆ, ಕೊಲೆ ಆರೋಪ ಹೊತ್ತು ಓಡಿ ಬಂದ ಗಂಡಸು, ಎದುರಿಗೆ ನಂದಾ. ಕತ್ತು ವಾಲಿಸಲು ಜಾಗವೇ ಇಲ್ಲದ ಪಾತ್ರದಲ್ಲಿ ಖನ್ನಾ ನಿಲ್ಲುತ್ತಾನೆ.

ಎರಡು, 1971ರ 'ಆನಂದ್'. ಅದರಲ್ಲಿ ಕಿಶೋರ್ ಒಂದು ಹಾಡೂ ಹಾಡಿಲ್ಲ. ಖನ್ನಾಗೆ ದನಿ ಕೊಟ್ಟವರು ಮುಖೇಶ್ ಮತ್ತು ಮನ್ನಾ ಡೇ, ಸಂಗೀತ ಸಲೀಲ್ ಚೌಧರಿ. ಸಾವು ಖಚಿತವೆಂದು ಗೊತ್ತಿದ್ದೂ ಬಾಯಿ ಮುಚ್ಚದ ಮನುಷ್ಯನ ಪಾತ್ರ. ನನಗೆ ಕಿರಿಕಿರಿ ಮಾಡುವ ಆ ಎಲ್ಲ ಚೇಷ್ಟೆಗಳಿಗೂ ಹೃಷಿಕೇಶ್ ಮುಖರ್ಜಿ ಇಲ್ಲಿ ಒಂದು ಕಾರಣ ಹುಡುಕಿ ಕೊಟ್ಟರು. ಈ ಮನುಷ್ಯ ಸುಮ್ಮನಾದರೆ ಸಾವು ನೆನಪಾಗುತ್ತೆ, ಅದಕ್ಕೇ ಅವನು ಸುಮ್ಮನಾಗುವುದಿಲ್ಲ! ಕಡೆಯ ದೃಶ್ಯದಲ್ಲಿ ಖನ್ನಾ ಅಲುಗದೆ ಮಲಗಿರುತ್ತಾನೆ, ಟೇಪ್ ರೆಕಾರ್ಡರಿನಿಂದ ಅವನ ದನಿ ಬರುತ್ತೆ, ಅಮಿತಾಭ್ ಬಚ್ಚನ್ ಬೆಚ್ಚಿ ಬೀಳುತ್ತಾನೆ. ಆ ದನಿ ಕೇಳಿ ಗಂಟಲು ಕಟ್ಟದವನು ಯಾರು? ಆ ದನಿ ಯಾವ ಗಾಯಕನದೂ ಅಲ್ಲ, ಖನ್ನಾನದೇ. ಆ ವರ್ಷದ ಫಿಲಂಫೇರ್ ಅವನಿಗೆ ಹೋದದ್ದರಲ್ಲಿ ನನ್ನ ತಕರಾರಿಲ್ಲ.

ಮೂರನೆಯ ಸಾಕ್ಷಿ ಉಲ್ಟಾ ಕಡೆಯಿಂದ. 1976ರ 'ಮೆಹಬೂಬಾ'. ಅದೇ ಶಕ್ತಿ ಸಾಮಂತ, ಅದೇ ಆರ್.ಡಿ. ಬರ್ಮನ್, ಅದೇ ಕಿಶೋರ್, ಎದುರಿಗೆ ಹೇಮಾ ಮಾಲಿನಿ. ಶಿವರಂಜಿನಿ ರಾಗದ ಆ ಹಾಡನ್ನು ಇವತ್ತೂ ಆರ್ಕೆಸ್ಟ್ರಾದವರು ಬಿಡೋದಿಲ್ಲ. ಚಿತ್ರ ಮಾತ್ರ ಬಿತ್ತು.  ಬರೀ ಹಾಡಿನಿಂದ ಚಿತ್ರ ಗೆಲ್ಲುವುದಿದ್ದರೆ ಇದು ಗೆಲ್ಲಬೇಕಿತ್ತು. ಅದೇ ಕಿಶೋರ್, ಅದೇ ಆರ್.ಡಿ. 1972ರಲ್ಲಿ 'ಜವಾನಿ ದಿವಾನಿ'ಯಲ್ಲಿ ರಣಧೀರ್ ಕಪೂರ್‌ಗೂ, 'ಪರಿಚಯ್'ನಲ್ಲಿ ಜೀತೇಂದ್ರನಿಗೂ ಸಿಕ್ಕಿದ್ದರು. ಹಾಡು ಗೆದ್ದವು. ಆದರೆ ಆ ಹುಚ್ಚು ಅವರಿಬ್ಬರ ಹಿಂದೆ ಬರಲಿಲ್ಲ. ಅಷ್ಟೇಕೆ, 1972ರಲ್ಲಿ ನಮ್ಮ ದ್ವಾರಕೀಶ್ 'ಕುಳ್ಳ ಏಜೆಂಟ್ 000'ಗೆ ರಾಜನ್-ನಾಗೇಂದ್ರರ ಸಂಗೀತದಲ್ಲಿ ಅದೇ ಕಿಶೋರ್‌ನಿಂದ ಕನ್ನಡದಲ್ಲಿ ಹಾಡಿಸಿದರು. ಹಾಡು ಇವತ್ತಿಗೂ ಕುಣಿಸುತ್ತೆ. ದ್ವಾರಕೀಶ್ ದ್ವಾರಕೀಶರಾಗೇ ಉಳಿದರು, ಅದೇ ಚಂದ!

ಹಾಗಾದರೆ ಖನ್ನಾನ ಕೈಚಳಕ ಏನು? ಹಾಡಿಗೆ ತುಟಿ ಆಡಿಸೋದು ಎಲ್ಲರಿಗೂ ಬರುತ್ತೆ. ಹಾಡಿನ ಎರಡು ಸಾಲಿನ ನಡುವೆ ಬರೀ ವಾದ್ಯ ನುಡಿಯುವಾಗ ಮುಖ ಏನು ಮಾಡಬೇಕು? ಅಲ್ಲಿ ಬಹಳ ನಾಯಕರು ಮರ ಸುತ್ತುತ್ತಾರೆ. ಖನ್ನಾ ಆ ಖಾಲಿ ಜಾಗದಲ್ಲಿ ಕ್ಯಾಮೆರಾವನ್ನು ನೋಡಿ, ಯಾರೋ ಒಬ್ಬಳಿಗೇ ಗುಟ್ಟು ಹೇಳುವವನ ಹಾಗೆ ನಗುತ್ತಾನೆ. 800 ಜನ ಕೂತ ಟಾಕೀಸಿನಲ್ಲಿ ಪ್ರತಿಯೊಬ್ಬಳಿಗೂ "ನನ್ನನ್ನೇ ನೋಡಿದ" ಅನ್ನಿಸಬೇಕಾದರೆ ಅದೊಂದು ವಿದ್ಯೆಯೇ. ನನಗೆ ಹಿಡಿಸದ ವಿದ್ಯೆ, ಆದರೂ ವಿದ್ಯೆ.

ಬಡ್ಡಿಯ ಮೇಲೆ ಬದುಕಿದ ಕಾಲ

ನನ್ನ ಮುನಿಸಿನ ಇನ್ನರ್ಧ ಇಲ್ಲಿದೆ. ಕೀರ್ತಿ ಬಂದದ್ದು ಹೇಗೇ ಇರಲಿ, ಬಂದ ಮೇಲೆ ಮನುಷ್ಯ ಏನು ಮಾಡಿದ?

ಕಾರಿಗೆ ಹುಡುಗಿಯರ ತುಟಿಬಣ್ಣ, ರಕ್ತದ ಪತ್ರ, ಫೋಟೋ ಜೊತೆ ಮದುವೆ, ಈ ಕಥೆಗಳು ನಿಮಗೆ ಬಾಯಿಪಾಠ. ಬಿಬಿಸಿ 1973ರಲ್ಲಿ 'ಬಾಂಬೆ ಸೂಪರ್ ಸ್ಟಾರ್' ಅಂತ ಸಾಕ್ಷ್ಯಚಿತ್ರ ತೋರಿಸಿತು. ರಾಜೇಂದ್ರ ಕುಮಾರ್‌ನಿಂದ ಕೊಂಡ ಕಾರ್ಟರ್ ರೋಡಿನ ಸಮುದ್ರದೆದುರಿನ ಬಂಗಲೆಗೆ 'ಆಶೀರ್ವಾದ್' ಅಂತ ಹೆಸರಾಯಿತು. ಅಲ್ಲಿ ರಾತ್ರಿಯೆಲ್ಲ ದರ್ಬಾರು, ಸುತ್ತ ಹೊಗಳುಭಟರು. ಬೆಳಗ್ಗೆಯ ಶೂಟಿಂಗಿಗೆ ಸಾಹೇಬರ ಸವಾರಿ ಬರುವುದು ಮಧ್ಯಾಹ್ನ. ಇದನ್ನು ವೈರಿಗಳು ಹುಟ್ಟಿಸಿದ ಸುದ್ದಿ ಅನ್ನುವ ಹಾಗಿಲ್ಲ. ಜೊತೆಗೆ ಕೆಲಸ ಮಾಡಿದವರೇ ಮತ್ತೆ ಮತ್ತೆ ಹೇಳಿದ ಮಾತು.

1971ರ 'ಹಾಥಿ ಮೇರೆ ಸಾಥಿ'ಯ ಕಥೆ ಕೇಳಿ. ಮದರಾಸಿನ ಚಿನ್ನಪ್ಪ ದೇವರ್ ತೆಗೆದ ಚಿತ್ರ. ಕಥೆ ಸರಿ ಮಾಡಿಕೊಡಿ ಅಂತ ಆಗಿನ್ನೂ ಹೊಸಬರಾಗಿದ್ದ ಸಲೀಂ-ಜಾವೇದ್ ಜೋಡಿಯನ್ನು ಕರೆತಂದವನು ಖನ್ನಾ. ಆ ಜೋಡಿಗೆ ಹೆಸರು ತಂದ ಮೊದಮೊದಲ ಚಿತ್ರಗಳಲ್ಲಿ ಅದೊಂದು. ಆಮೇಲೆ ಅದೇ ಜೋಡಿ 1973ರಲ್ಲಿ 'ಜಂಜೀರ್', 1975ರಲ್ಲಿ 'ದೀವಾರ್', 'ಶೋಲೆ' ಬರೆದರು. ಅಮಿತಾಭ್ ಎದ್ದು ನಿಂತ. 'ಆನಂದ್', 'ನಮಕ್ ಹರಾಮ್' ಎರಡರಲ್ಲೂ ಖನ್ನಾನ ಪಕ್ಕದಲ್ಲಿ ನಿಂತು ಪೋಷಕ ನಟನ ಫಿಲಂಫೇರ್ ತಗೊಂಡ ಎತ್ತರದ ಹುಡುಗ ಈಗ ನಾಯಕ. ಕಾಲ ತಿರುಗಿತು. ಕೋಪದ ಹುಡುಗ ಬೇಕಾದಾಗ ಖನ್ನಾ ಇನ್ನೂ ಕತ್ತು ವಾಲಿಸುತ್ತಲೇ ಇದ್ದ.

ಇಲ್ಲಿ ನನಗೆ ಸಿಟ್ಟು ಬರೋದು. 'ಆನಂದ್', 'ಬಾವರ್ಚಿ' ಮಾಡಿದವನಿಗೆ ಬೇರೆ ದಾರಿ ಗೊತ್ತಿತ್ತು. ಕೈಯಲ್ಲಿ ಬಂಡವಾಳ ಇಟ್ಟುಕೊಂಡೂ ಬಡ್ಡಿಯ ಮೇಲೆ ಬದುಕಿದ. 1983ರಲ್ಲಿ 'ಅವತಾರ್' ಬಂತು. ನಲವತ್ತರ ಖನ್ನಾ ಕೂದಲು ಬೆಳ್ಳಗೆ ಮಾಡಿಕೊಂಡು, ಮಕ್ಕಳು ಕೈಬಿಟ್ಟ ಮೆಕ್ಯಾನಿಕ್ ಅಪ್ಪನಾದ. ಜನ ಮತ್ತೆ ಟಿಕೆಟ್ ಕೊಂಡರು. ಕೇಳಿದ್ದು ಕೊಟ್ಟರೆ ಜನ ಮರೆಯುವುದಿಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಇದನ್ನೇ 1976ರಲ್ಲಿ ಮಾಡಬಹುದಿತ್ತಲ್ಲ!

ನಮ್ಮ ದೊಡ್ಡಪ್ಪನಿಗೆ ಖನ್ನಾ ಅಂದರೆ ಪ್ರಾಣ. ಹರೆಯದಲ್ಲಿ ಗುರು ಕುರ್ತಾ ಹೊಲಿಸಿಕೊಂಡು ಊರೆಲ್ಲ ತಿರುಗಿದವರು. ಈ ಅಂಕಣ ಬರೀತೀನಿ ಅಂದಾಗ "ನೀನು ಮೊಬೈಲಿನಲ್ಲಿ ನೋಡಿದೋನು ಕಣೋ. ನಾವು ಬಿಸಿಲಲ್ಲಿ ಕ್ಯೂ ನಿಂತು, ಷರಟು ಹರಕೊಂಡು ನೋಡಿದ್ದು. ನಿನಗೇನು ಗೊತ್ತು ಅವನ ಬೆಲೆ?" ಅಂತ ರೇಗಿದರು. "ದೊಡ್ಡಪ್ಪಾ, ಷರಟು ಹರಿದದ್ದು ನಿಮ್ಮದು. ಆಮೇಲೆ ಬಂದ ಕೆಟ್ಟ ಚಿತ್ರಗಳಿಗೂ ಅದೇ ಕ್ಯೂನಲ್ಲಿ ನಿಂತಿರಲ್ಲ, ಆ ದುಡ್ಡಿಗೆ ಆತ ಏನು ವಾಪಸ್ ಕೊಟ್ಟ?" ಅಂದೆ. ದೊಡ್ಡಪ್ಪ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "'ಮೆಹಬೂಬಾ'ನ ಮೂರು ಸಲ ನೋಡಿದೆ. ಚೆನ್ನಾಗಿರಲಿಲ್ಲ, ಆದ್ರೂ ನೋಡಿದೆ" ಅಂದರು.

ಈ ಮಾತಿನಲ್ಲೇ ಎಲ್ಲ ಇದೆ. ಚೆನ್ನಾಗಿಲ್ಲ ಅಂತ ಗೊತ್ತಿದ್ದೂ ಮೂರು ಸಲ ನೋಡುವ ಹುಡುಗ ಯಾವ ಸ್ಟಾರಿಗೆ ಸಿಗುತ್ತಾನೋ ಆ ಸ್ಟಾರ್‌ಗೆ ಚೆನ್ನಾಗಿ ಮಾಡುವ ಅಗತ್ಯವೇ ಬೀಳುವುದಿಲ್ಲ.

ನಮ್ಮ ಮನೆಯ ಲೆಕ್ಕ

"ಹಿಂದಿಯವರ ವಿಷಯ ಹೇಳೋದು ಸುಲಭ, ನಮ್ಮವರ ವಿಷಯ ಹೇಳು ನೋಡೋಣ" ಅನ್ನುತ್ತೀರಿ. ಹೇಳ್ತೀನಿ. ಪಾಲಿನ ಪ್ರಶ್ನೆ ಕನ್ನಡಕ್ಕೂ ಇದೆ. ಎರಡು ದಶಕ ಡಾ. ರಾಜ್‌ಕುಮಾರ್ ತುಟಿ ಆಡಿಸಿದ್ದು ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ದನಿಗೆ. ಆದರೆ ಅಣ್ಣಾವ್ರು ಆ ಪಾಲನ್ನು ಮುಚ್ಚಿಡಲಿಲ್ಲ. ಶ್ರೀನಿವಾಸ್ ನನ್ನ ಶಾರೀರ ಅಂತ ಅವರು ಹೇಳಿಕೊಂಡದ್ದು ಇವತ್ತಿಗೂ ಕನ್ನಡಿಗರ ಬಾಯಲ್ಲಿದೆ. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆಯ ಮೇಲೆ ಕೂತು ತಾವೇ ಹಾಡಿದರು. ಆಮೇಲೆ ಹಾಡುತ್ತಲೇ ಕಲಿತರು, ಕಲಿಯುತ್ತಲೇ ಹಾಡಿದರು. 'ಜೀವನ ಚೈತ್ರ'ದ ಹಾಡಿಗೆ ಶ್ರೇಷ್ಠ ಗಾಯಕ ಅಂತ ರಾಷ್ಟ್ರ ಪ್ರಶಸ್ತಿ ಬರುವ ಹೊತ್ತಿಗೆ ವಯಸ್ಸು ಅರವತ್ತು ದಾಟಿತ್ತು. ಸಾಲವಾಗಿ ಬಂದದ್ದನ್ನು ಸ್ವಂತ ದುಡಿಮೆಯಿಂದ ತೀರಿಸುವುದು ಅಂದರೆ ಇದು. ಎಲ್ಲ ಸ್ಟಾರ್‌ಗಳನ್ನೂ ಅಳೆಯಲು ನನ್ನ ಹತ್ತಿರ ಇರುವ ಮೊಳಕೋಲು ಇದೇ. ಅದೃಷ್ಟದಿಂದ ಬಂದರೆ ತಪ್ಪಿಲ್ಲ. ಬಂದ ಮೇಲೆ ಬೆಳೆದನೇ?

ಇವತ್ತಿನವರಿಗೆ ಈ ಮೊಳಕೋಲು ಹಿಡಿಯೋಕೆ ಹೋದರೆ ಏನಾಗುತ್ತೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಪಿಯುಸಿ ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದವನು ನಾನು, ಸಂಬಳ ಇಲ್ಲ, ಬರೆದಷ್ಟು ದುಡ್ಡು. ಒಮ್ಮೆ ಬೇರೊಂದು ಪತ್ರಿಕೆಗೆ ಒಬ್ಬ ಹೊಸ ನಾಯಕನ ಚಿತ್ರದ ವಿಮರ್ಶೆ ಕೊಟ್ಟೆ. 'ಅಭಿನಯ ಸಾಧಾರಣ' ಅಂತ ಬರೆದಿದ್ದೆ. ಅಚ್ಚಾದಾಗ ಅದು 'ಅಮೋಘ ಅಭಿನಯ' ಆಗಿತ್ತು, ಕೆಳಗೆ ನನ್ನದೇ ಹೆಸರು! ಪಕ್ಕದ ಪುಟ ತಿರುವಿದರೆ ಅದೇ ಚಿತ್ರದ ಪೂರ್ತಿ ಪುಟದ ಜಾಹೀರಾತು. ಅದನ್ನು ಓದಿ ಟಿಕೆಟ್ ಕೊಂಡ ಹುಡುಗರು ನನ್ನನ್ನು ನಂಬಿ ಹೋದರೋ ಏನೋ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕೀರ್ತಿ ಹೀಗೂ ತಯಾರಾಗುತ್ತೆ ಸ್ವಾಮಿ. ಅದಕ್ಕೇ ಲೆಕ್ಕ ಕೇಳಬೇಕು ಅನ್ನೋದು.

ಕೊನೆಗೆ ತೀರ್ಪು

ಖನ್ನಾ 1991ರಲ್ಲಿ ನವದೆಹಲಿಯಲ್ಲಿ ಲೋಕಸಭೆಗೆ ನಿಂತು ಎಲ್.ಕೆ. ಆಡ್ವಾಣಿ ಎದುರು ಬರೀ 1,589 ಮತದಿಂದ ಸೋತ. ಮರುವರ್ಷದ ಉಪಚುನಾವಣೆಯಲ್ಲಿ ಶತ್ರುಘ್ನ ಸಿನ್ಹಾನನ್ನು ಸೋಲಿಸಿ ಗೆದ್ದ. ಚಿತ್ರಗಳು ನಿಂತ ಮೇಲೂ ಜನ ಕೈಬಿಟ್ಟಿರಲಿಲ್ಲ. 2012ರಲ್ಲಿ, ತೀರಿಕೊಳ್ಳುವ ಕೆಲವೇ ತಿಂಗಳ ಹಿಂದೆ, ಹ್ಯಾವೆಲ್ಸ್ ಫ್ಯಾನಿನ ಜಾಹೀರಾತಿನಲ್ಲಿ ಬಂದ. ಮೈ ಇಳಿದು ಹೋಗಿದೆ, ಸುತ್ತ ವಿದ್ಯುತ್ ಫ್ಯಾನುಗಳು ತಿರುಗುತ್ತಿವೆ, ನನ್ನ ಫ್ಯಾನ್‌ಗಳನ್ನು ಯಾರೂ ಕಿತ್ತುಕೊಳ್ಳಲಾರರು ಅನ್ನುತ್ತಾನೆ. ಬಹಳ ಜನಕ್ಕೆ ಅದನ್ನು ನೋಡಿ ಅಯ್ಯೋ ಅನ್ನಿಸಿತು. ನನಗೆ ಅನ್ನಿಸಿದ್ದು ಬೇರೆ. ಆ ಮಾತು ನಿಜ ಕಣ್ರೀ. ಅಭಿಮಾನಿಗಳು ಅವನನ್ನು ಬಿಡಲಿಲ್ಲ. ನಡುವೆ ಹತ್ತು ವರ್ಷ ಅವರನ್ನು ಮರೆತವನು ಅವನು.

ನನ್ನ ಲೆಕ್ಕ ಹೀಗಿದೆ. 1969ರಿಂದ 1974ರವರೆಗಿನ ಕೀರ್ತಿಯಲ್ಲಿ ಅರ್ಧ ಅವನದು, ಅರ್ಧ ಕಿಶೋರ್, ಬರ್ಮನ್, ಬಕ್ಷಿ, ಸಾಮಂತ, ಹೃಷಿಕೇಶ್ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಶರ್ಮಿಳಾ, ಆಶಾ, ವಹೀದಾರದು. 'ಇತ್ತೆಫಾಕ್', 'ಆನಂದ್', 'ಅವತಾರ್' ಪೂರ್ತಿ ಯೋಗ್ಯ. ಆಮೇಲಿನ ಜೈಕಾರ ಹಳೆಯ ಸಾಲದ ಮೇಲಿನ ಬಡ್ಡಿ. 'ಕೆಟ್ಟ ನಟ' ಅಂದ ಷಾ ಮಾತು ಜಾಸ್ತಿಯಾಯಿತು, 'ಮಹಾನ್ ನಟ' ಅಂದವರದು ಅದಕ್ಕಿಂತ ಜಾಸ್ತಿಯಾಯಿತು. ಮತ್ತೆ ಆ ಕತ್ತು ವಾಲಿಸುವುದು? ಅದು ನನಗೆ ಇವತ್ತೂ ಹಿಡಿಸಲ್ಲ, ನಾಳೆಯೂ ಹಿಡಿಸಲ್ಲ!

ನಿಮಗೆ ಹಿಡಿಸದ ಒಬ್ಬ ಸ್ಟಾರ್ ಇದ್ದೇ ಇರ್ತಾನೆ. ಕಲ್ಲು ತೂರಬೇಡಿ, ಕಟೌಟಿಗೆ ಸಗಣಿ ಎರಚಬೇಡಿ. ಅವನ ಐದು ಚಿತ್ರ ಕೂತು ನೋಡಿ, ಹಾಡು ಯಾರದು, ಕಥೆ ಯಾರದು, ಭಾರ ಹೊತ್ತವರು ಯಾರು ಅಂತ ಬರೆದುಕೊಳ್ಳಿ. ಉಳಿದದ್ದು ಅವನದು. ನಿಮಗೆ ಪ್ರಾಣವಾದ ಸ್ಟಾರ್‌ಗೂ ಇದೇ ಲೆಕ್ಕ ಹಾಕಿ ನೋಡಿ, ಅದು ಸ್ವಲ್ಪ ಕಷ್ಟ.

ಖನ್ನಾ ಅಭಿಮಾನಿಗಳು ಬೈದು ಬರೆಯಿರಿ, ಕಾಯ್ತಾ ಇರ್ತೀನಿ. ಒಂದೇ ಷರತ್ತು, ಚಿತ್ರದ ಹೆಸರು, ದೃಶ್ಯ, ಕಾರಣ ಸಮೇತ ಬೈಯಬೇಕು. ಚೆನ್ನಾಗಿ ಬೈದವರ ಕಾಗದ ಇದೇ ಜಾಗದಲ್ಲಿ ಅಚ್ಚಾಗುತ್ತೆ, ಒಂದಕ್ಷರ ತಿದ್ದದೆ. ಸಿಗೋಣ, ಮುಂದಿನ ವಾರ.